ಹಸಿರು ಗುರುತಿನ ಹಿಂದಿನ ಪ್ರಮಾಣಪತ್ರ

ಕಡ್ಡಾಯ ಗುಣಮಟ್ಟಕ್ಕೆ ಹೊಂದದ ಪ್ರೆಷರ್ ಕುಕ್ಕರ್‌ಗಳ ಮಾರಾಟಕ್ಕೆ ತಮ್ಮ ತಾಣಗಳಲ್ಲಿ ಅವಕಾಶ ನೀಡಿದ್ದಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಆಗಸ್ಟ್‌ನಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಂಸ್ಥೆಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಮೊದಲನೆಯ ತಾಣದಲ್ಲಿ ಮಾರಾಟವಾದ ಇಂಥ ಕುಕ್ಕರ್‌ಗಳು 2,265, ಎರಡನೆಯದರಲ್ಲಿ 598. ಕೊಂಡವರಿಗೆಲ್ಲ ವಿಷಯ ತಿಳಿಸಿ, ಕುಕ್ಕರ್ ಹಿಂಪಡೆದು, ಹಣ ಮರಳಿಸಬೇಕೆಂದೂ ಪ್ರಾಧಿಕಾರ ಆದೇಶಿಸಿತು. ಎರಡೂ ಸಂಸ್ಥೆಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಅಂಗಡಿಗೆ ಜಾಗ ಕೊಟ್ಟವರು ಹೊಣೆಯೋ, ಸರಕು ಮಾರಿದವರು ಹೊಣೆಯೋ ಎಂಬ ಕಾನೂನಿನ ಪ್ರಶ್ನೆಯನ್ನು ವಕೀಲರಿಗೇ ಬಿಡೋಣ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಕುಕ್ಕರ್‌ಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾದದ್ದು 2021ರ ಫೆಬ್ರುವರಿ 1ರಂದು. ಆ ಬಳಿಕವೂ ಮುದ್ರೆಯಿಲ್ಲದ ಪಾತ್ರೆಯೊಂದು ಗಣಕದ ಅಷ್ಟೂ ಬಾಗಿಲುಗಳನ್ನು ದಾಟಿ ಗ್ರಾಹಕರ ಅಡುಗೆಮನೆ ಸೇರಬೇಕಾದರೆ ಯಾವ ಬಾಗಿಲಲ್ಲಿ, ಯಾರು, ಏನನ್ನು ನೋಡಿ ಅದನ್ನು ಒಳಗೆ ಬಿಟ್ಟರು?

ಈ ಪ್ರಶ್ನೆ ಹುಟ್ಟಲು ನನ್ನ ವೃತ್ತಿಯೇ ಕಾರಣ. ಉತ್ಪನ್ನಗಳ ಮಾಹಿತಿಯನ್ನು ಒಂದೆಡೆ ಸಂಗ್ರಹಿಸಿಡುವ ತಂತ್ರಾಂಶಗಳನ್ನು ಕಂಪನಿಗಳಲ್ಲಿ ಅಳವಡಿಸುವ ಕೆಲಸ ನನ್ನದು. ವಸ್ತುವಿನ ಹೆಸರು, ತೂಕ, ಬಣ್ಣ, ಅಳತೆ, ಛಾಯಾಚಿತ್ರ, ನಾಲ್ಕಾರು ಭಾಷೆಗಳ ವಿವರಣೆ ಎಲ್ಲವೂ ಒಂದು ಕಣಜದಲ್ಲಿ ತುಂಬಿ, ಅಲ್ಲಿಂದ ಮಾರಾಟ ತಾಣಗಳಿಗೆ, ವಿದೇಶಿ ಖರೀದಿದಾರರಿಗೆ, ಬೆಲೆಪಟ್ಟಿಗೆ ಹರಿಯುತ್ತವೆ. ಈ ಕಣಜದಲ್ಲಿ ಸುರಕ್ಷತಾ ಪ್ರಮಾಣಪತ್ರಕ್ಕೂ ಒಂದು ಮೂಲೆ ಇರುತ್ತದೆ. ದುರದೃಷ್ಟವೆಂದರೆ ಬಹಳಷ್ಟು ಕಡೆ ಅದು ಛಾಯಾಚಿತ್ರದ ಪಕ್ಕದಲ್ಲಿ ಲಗತ್ತಿಸಿದ ಇನ್ನೊಂದು ಕಡತ ಮಾತ್ರ. ಕಡತ ಇದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಕಡತದೊಳಗೆ ಏನಿದೆ ಎಂಬುದು ತಂತ್ರಾಂಶಕ್ಕೆ ಗೊತ್ತಿಲ್ಲ. ಹಿಂದೆ ಗುಮಾಸ್ತರ ಬೀರುವಿನಲ್ಲಿದ್ದ ಹಾಳೆ ಈಗ ಗಣಕದ ಬೀರುವಿಗೆ ಬಂದಿದೆ, ಅಷ್ಟೆ.

ಪ್ರಮಾಣಪತ್ರವನ್ನು ನಾವು ವಸ್ತುವಿನ ಗುಣವೆಂದು ಭಾವಿಸುತ್ತೇವೆ, ಅದರ ಬಣ್ಣದಂತೆ, ತೂಕದಂತೆ. ಅದು ಹಾಗಲ್ಲ. ಭಾರತೀಯ ಮಾನಕ ಬ್ಯೂರೊ ಐಎಸ್‌ಐ ಮುದ್ರೆಗೆ ಕೊಡುವ ಪರವಾನಗಿ ಒಂದು ನಿರ್ದಿಷ್ಟ ವಿಳಾಸದ ಕಾರ್ಖಾನೆಗೆ, ನಿರ್ದಿಷ್ಟ ಮಾನಕದಡಿ, ನಿರ್ದಿಷ್ಟ ಬಗೆಯ ಸರಕಿಗೆ, ನಿರ್ದಿಷ್ಟ ಅವಧಿಗೆ ಸಲ್ಲುವಂಥದ್ದು. ಮೊಬೈಲ್ ಚಾರ್ಜರ್, ಪವರ್ ಬ್ಯಾಂಕ್ ಮುಂತಾದ ವಿದ್ಯುನ್ಮಾನ ಸರಕುಗಳಿಗೆ 2012ರ ಆದೇಶದಡಿ ಬಂದ ಕಡ್ಡಾಯ ನೋಂದಣಿಯೂ ಅಷ್ಟೆ. ಕಾರ್ಖಾನೆ ಬೇರೆಯಾದರೆ, ಬ್ರಾಂಡ್ ಬೇರೆಯಾದರೆ ನೋಂದಣಿಯೂ ಬೇರೆ. ಈಗ ಒಂದು ಚಾರ್ಜರನ್ನು ಊಹಿಸಿಕೊಳ್ಳಿ. ಅದೇ ಪೆಟ್ಟಿಗೆ, ಅದೇ ಮಾದರಿ ಸಂಖ್ಯೆ, ಅದೇ ಛಾಯಾಚಿತ್ರ. ಆದರೆ ಖರ್ಚು ಉಳಿಸಲು ಕಂಪನಿ ತಯಾರಿಕೆಯನ್ನು ಬೇರೊಂದು ಕಾರ್ಖಾನೆಗೆ ವಹಿಸಿದೆ. ಗ್ರಾಹಕರಿಗೆ ಕಾಣುವ ಯಾವುದೂ ಬದಲಾಗಿಲ್ಲ. ಹಳೆಯ ನೋಂದಣಿಯ ಕಡತ ಹಾಗೆಯೇ ಲಗತ್ತಾಗಿದೆ, ಅದರ ಅವಧಿಯೂ ಮುಗಿದಿಲ್ಲ. ಹಸಿರು ಗುರುತು ಹಸಿರಾಗಿಯೇ ಇದೆ. ಆದರೆ ಈ ಚಾರ್ಜರಿಗೂ ಆ ಕಾಗದಕ್ಕೂ ಈಗ ಯಾವ ಸಂಬಂಧವೂ ಉಳಿದಿಲ್ಲ. ತಯಾರಿಕಾ ಸ್ಥಳವೆಂಬ ಅಂಕಣ ಬದಲಾದ ಕ್ಷಣವೇ ಪ್ರಮಾಣಪತ್ರದ ಗುರುತು ತಾನಾಗಿ ಕೆಂಪಾಗುವಂತೆ ಎರಡನ್ನೂ ಬೆಸೆಯುವುದು ತಂತ್ರಜ್ಞಾನಕ್ಕೆ ಕಷ್ಟದ ಕೆಲಸವೇನಲ್ಲ. ಹಾಗೆ ಬೆಸೆದರೆ ಮಾರಾಟ ಕೆಲ ದಿನ ನಿಲ್ಲುತ್ತದೆ. ಹೀಗಾಗಿ ಬೆಸೆಯಿರಿ ಎಂದು ಕೇಳುವವರು ಕಡಿಮೆ.

ಕಾಲದ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಯುರೋಪಿಗೆ ರಫ್ತಾಗುವ ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸ, ಪಾದರಸ ಮೊದಲಾದ 6 ಅಪಾಯಕಾರಿ ವಸ್ತುಗಳನ್ನು ನಿರ್ಬಂಧಿಸುವ ಆರ್‌ಒಎಚ್‌ಎಸ್ ನಿಯಮ 2006ರ ಜುಲೈ 1ರಂದು ಜಾರಿಗೆ ಬಂತು. 2019ರ ಜುಲೈ 22ರಿಂದ ಹೆಚ್ಚಿನ ಉಪಕರಣಗಳ ಮಟ್ಟಿಗೆ ಈ ಪಟ್ಟಿಗೆ ಇನ್ನೂ 4 ವಸ್ತುಗಳು ಸೇರಿದವು. ಇವು ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ಥಾಲೇಟ್‌ಗಳು. ವೈರಿನ ಹೊದಿಕೆಯನ್ನು ಬಲ್ಲವರಿಗೆ ಇದರ ಅರ್ಥ ತಕ್ಷಣ ಹೊಳೆಯುತ್ತದೆ. 2017ರಲ್ಲಿ ವೈರ್ ಪೂರೈಕೆದಾರರು ಬರೆದುಕೊಟ್ಟ ಘೋಷಣಾ ಪತ್ರ 6 ವಸ್ತುಗಳ ಬಗ್ಗೆ ಪೂರ್ತಿ ಸತ್ಯವನ್ನೇ ಹೇಳಿರಬಹುದು. ಉಳಿದ 4ರ ಬಗ್ಗೆ ಅದು ಮೌನವಾಗಿದೆ. ಇಂಥ ಘೋಷಣೆಯಲ್ಲಿ ಮುಕ್ತಾಯದ ದಿನಾಂಕವೆಂಬುದು ಸಾಮಾನ್ಯವಾಗಿ ಇರುವುದಿಲ್ಲ. ಹೀಗಾಗಿ ಅವಧಿ ಮುಗಿಯುವ 30 ದಿನ ಮುಂಚೆ ಎಚ್ಚರಿಕೆಯ ಇ-ಮೇಲ್ ಕಳಿಸುವ ಸೌಲಭ್ಯವನ್ನೇ ದೊಡ್ಡದಾಗಿ ಸಾರುವ ತಂತ್ರಾಂಶ ಇಲ್ಲಿ ನಿದ್ರಿಸುತ್ತದೆ. ಕಾಗದ ಹಳತಾಗಿಲ್ಲ, ಕಾನೂನು ಹೊಸತಾಗಿದೆ. ರೀಚ್ ಎಂಬ ಮತ್ತೊಂದು ಐರೋಪ್ಯ ಕಾನೂನಿನಡಿ ಅತಿ ಕಳವಳದ ರಾಸಾಯನಿಕಗಳ ಪಟ್ಟಿ 2008ರಲ್ಲಿ 15 ಹೆಸರುಗಳಿಂದ ಆರಂಭವಾಗಿ ಇಂದು 200ನ್ನು ದಾಟಿದೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಅದು ಬೆಳೆಯುತ್ತದೆ. ಯಾವ ದಿನದ ಪಟ್ಟಿಗೆ ಉತ್ತರವಾಗಿ ಈ ಪತ್ರ ಬರೆಯಲಾಗಿದೆ ಎಂದು ದಾಖಲಿಸದ ಕಣಜದಿಂದ ಪ್ರಯೋಜನ ಅಲ್ಪ.

ಇನ್ನು ನಮ್ಮ ಚನ್ನಪಟ್ಟಣದ ಗೊಂಬೆಗಳ ವಿಚಾರ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಾಯಿತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಿ ಪಡೆದ ಆಟಿಕೆಗಳನ್ನು ಅಧಿಕೃತ ಬಳಕೆದಾರರು ತಯಾರಿಸಿ ಮಾರಿದರೆ ಅವುಗಳಿಗೂ 2020ರಲ್ಲೇ ತಿದ್ದುಪಡಿಯ ಮೂಲಕ ವಿನಾಯಿತಿ ಸಿಕ್ಕಿತ್ತು. ಭೌಗೋಳಿಕ ಸೂಚಿಯುಳ್ಳ ಚನ್ನಪಟ್ಟಣದ ಗೊಂಬೆ ಈ ವಿನಾಯಿತಿಗೆ ಅರ್ಹ. ಸರ್ಕಾರ ವಿವೇಕದಿಂದ ನಡೆದುಕೊಂಡಿತು. ಆದರೆ ಪರವಾನಗಿ ಸಂಖ್ಯೆಯ ಅಂಕಣ ತುಂಬದೆ ಮುಂದಕ್ಕೆ ಹೋಗಗೊಡದ ತಂತ್ರಾಂಶಕ್ಕೆ ಈ ವಿವೇಕ ತಿಳಿಯುವುದು ಹೇಗೆ? ಅದಕ್ಕೆ ಗೊತ್ತಿರುವುದು ‘ಇದೆ’ ಮತ್ತು ‘ಇಲ್ಲ’ ಎಂಬ ಎರಡೇ ಸ್ಥಿತಿ. ‘ಬೇಕಾಗಿಲ್ಲ, ಇಂಥ ಆದೇಶದ ಪ್ರಕಾರ’ ಎಂಬ ಮೂರನೆಯ ಸ್ಥಿತಿಯನ್ನು ವಿನ್ಯಾಸಕಾರರು ಯೋಚಿಸಿಯೇ ಇರುವುದಿಲ್ಲ. ಅಂಥ ಕಡೆ ಪ್ರಾಮಾಣಿಕ ಕುಶಲಕರ್ಮಿ ಹೊರಗುಳಿಯುತ್ತಾರೆ, ಅಂಕಣದಲ್ಲಿ ಯಾವುದೋ ಸಂಖ್ಯೆ ಗೀಚಿದವರು ಒಳಬರುತ್ತಾರೆ.

ಈ ತಂತ್ರಾಂಶಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಳ್ಳಲಾರೆ ಎಂಬುದು ಒಂದು ಕಾರಣವಾದರೆ, ಬಲವಾದ ಕಾರಣ ಇನ್ನೊಂದಿದೆ. ಒಂದು ಬಿಡಿಭಾಗದಲ್ಲಿ ದೋಷ ಕಂಡುಬಂದಾಗ ಅದು ಯಾವ ಯಾವ ಉತ್ಪನ್ನಗಳ ಹೊಟ್ಟೆಯಲ್ಲಿದೆ ಎಂಬುದನ್ನು ಚೆನ್ನಾಗಿ ಕಟ್ಟಿದ ವ್ಯವಸ್ಥೆ ನಿಮಿಷಗಳಲ್ಲಿ ಹೇಳಬಲ್ಲದು. ಕಾಗದದ ಕಡತಗಳಲ್ಲಿ ಅದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ನನ್ನ ಆಕ್ಷೇಪವಿರುವುದು ಹೊಣೆ ಹರಿಯುವ ದಿಕ್ಕಿನ ಬಗ್ಗೆ. ಪೀಣ್ಯದ ಸಣ್ಣ ಘಟಕವೊಂದು ಆರು ದೊಡ್ಡ ಕಂಪನಿಗಳಿಗೆ ಭಾಗಗಳನ್ನು ಪೂರೈಸುತ್ತಿದ್ದರೆ ಆರು ಪೋರ್ಟಲ್‌ಗಳಲ್ಲಿ, ಆರು ನಮೂನೆಗಳಲ್ಲಿ ಅದೇ ಪತ್ರವನ್ನು ಏರಿಸಬೇಕು. ಹಗಲು ಯಂತ್ರಗಳ ಉಸ್ತುವಾರಿ, ಸಂಜೆ ಜಿಎಸ್‌ಟಿ ಲೆಕ್ಕ, ರಾತ್ರಿ ಪೋರ್ಟಲ್ ಎಂಬಂತಿರುವ ಮಾಲೀಕರನ್ನು ನಾನು ಬಲ್ಲೆ. ಆಚೆ ಬದಿಯಲ್ಲಿ ಪತ್ರವನ್ನು ಅಂಗೀಕರಿಸುವವರಿಗೆ ದಿನಕ್ಕೆ ಇಷ್ಟು ಕಡತ ಮುಗಿಸಬೇಕೆಂಬ ಗುರಿ ಇರುತ್ತದೆ. ಪತ್ರದಲ್ಲಿನ ಮಾದರಿ ಸಂಖ್ಯೆಯೂ ಉತ್ಪನ್ನದ ಮಾದರಿ ಸಂಖ್ಯೆಯೂ ಒಂದೇ ಆಗಿದೆಯೇ ಎಂದು ನೋಡುವಷ್ಟು ಪುರುಸೊತ್ತು ಆ ಗುರಿಯಲ್ಲಿ ಸೇರಿರುವುದಿಲ್ಲ. ನಾಳೆ ಅನಾಹುತವಾದರೆ ದೊಡ್ಡ ಕಂಪನಿ ತನ್ನ ಪರದೆಯನ್ನು ತೋರಿಸಿ ‘ನಮ್ಮಲ್ಲಿ ಪ್ರಮಾಣಪತ್ರವಿತ್ತು’ ಎನ್ನಬಹುದು. ಅಂಗೀಕರಿಸಿದವರ ಹೆಸರು, ಅವರು ಹೋಲಿಸಿ ನೋಡಿದ ಅಂಶಗಳು, ದಿನಾಂಕ ಈ ಮೂರೂ ದಾಖಲಾಗದ ಅಂಗೀಕಾರವನ್ನು ಕಾನೂನು ಒಪ್ಪಬಾರದು.

ಚಿನ್ನದ ವಿಷಯದಲ್ಲಿ ನಾವು ಹೆಚ್ಚು ಜಾಣರಾಗಿದ್ದೇವೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ 6 ಅಕ್ಷರ-ಅಂಕಿಗಳ ವಿಶಿಷ್ಟ ಗುರುತು ಕಡ್ಡಾಯವಾಗಿದೆ. ಗೃಹಿಣಿಯೊಬ್ಬರು ಅಂಗಡಿಯಲ್ಲಿ ನಿಂತೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ನಮೂದಿಸಿ ಬಳೆಯ ಶುದ್ಧತೆಯನ್ನು ತಿಳಿಯಬಹುದು. ಅವರು ಅಂಗಡಿಯವರು ತೋರಿಸಿದ ನಕಲು ಪ್ರತಿಯನ್ನು ನಂಬುತ್ತಿಲ್ಲ, ಮೂಲವನ್ನೇ ವಿಚಾರಿಸುತ್ತಿದ್ದಾರೆ. ಅದೇ ಆ್ಯಪ್ ಐಎಸ್‌ಐ ಪರವಾನಗಿ ಸಂಖ್ಯೆಯನ್ನೂ ವಿದ್ಯುನ್ಮಾನ ಸರಕುಗಳ ನೋಂದಣಿ ಸಂಖ್ಯೆಯನ್ನೂ ಪರಿಶೀಲಿಸಿ ಹೇಳುತ್ತದೆ. ಗೃಹಿಣಿ ಪುಕ್ಕಟೆಯಾಗಿ ಮಾಡುವ ಈ ಪರಿಶೀಲನೆಯನ್ನು ಕೋಟಿಗಟ್ಟಲೆ ವೆಚ್ಚದ ಮಾರಾಟ ತಾಣಗಳು ಪ್ರತಿ ರಾತ್ರಿ ತಮ್ಮ ಅಷ್ಟೂ ಸರಕುಗಳ ಮೇಲೆ ಮಾಡಲಿ ಎಂದು ಬಯಸುವುದು ಅತಿಯಾಸೆಯೇ? ಬೆಂಗಳೂರಿನ ರಸ್ತೆ ಬದಿಯಲ್ಲಿ ಮಾರುವ ಹೆಲ್ಮೆಟ್ಟಿನ ಮೇಲೆ ಅಂಟಿಸಿದ ಐಎಸ್‌ಐ ಚೀಟಿಯನ್ನು ಕಂಡು ನಗುವ ನಾವು ಪರದೆಯ ಮೇಲಿನ ಹಸಿರು ಗುರುತನ್ನು ಪ್ರಶ್ನಿಸದೆ ನಂಬುತ್ತೇವೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕಡ್ಡಾಯ ಮುದ್ರೆಯ ಸರಕುಗಳ ಮಾರಾಟ ಪುಟದಲ್ಲಿ ಗುರುತಿನ ಬದಲು ಪರವಾನಗಿ ಸಂಖ್ಯೆಯನ್ನೇ ಓದಲು ಬರುವಂತೆ ಪ್ರಕಟಿಸಬೇಕು. ಪರವಾನಗಿ ಅಮಾನತಾದ ಅಥವಾ ರದ್ದಾದ ಸುದ್ದಿ ಮಾನಕ ಬ್ಯೂರೊದಿಂದ ತಾಣಗಳ ತಂತ್ರಾಂಶಕ್ಕೆ ಅಂದೇ ತಲುಪಬೇಕು, ತಲುಪಿದೊಡನೆ ಮಾರಾಟ ನಿಲ್ಲಬೇಕು. ಸಣ್ಣ ಘಟಕಗಳು ಒಮ್ಮೆ ಏರಿಸಿದ ಪತ್ರವನ್ನು ಎಲ್ಲ ಖರೀದಿದಾರರೂ ಅಲ್ಲಿಂದಲೇ ಪಡೆಯುವಂಥ ಸಾಮಾನ್ಯ ನಮೂನೆಯೊಂದನ್ನು ಉದ್ಯಮ ಸಂಘಟನೆಗಳು ರೂಪಿಸಬೇಕು. ಇದಕ್ಕೆ ಕಾಲ ಬಹಳ ಉಳಿದಿಲ್ಲ. ಯುರೋಪಿನ ಬ್ಯಾಟರಿ ನಿಯಮದ ಪ್ರಕಾರ ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯವಾಗಲು ನಿಗದಿಯಾಗಿರುವ ದಿನ 2027ರ ಫೆಬ್ರುವರಿ 18. ಆ ಮಾರುಕಟ್ಟೆಗೆ ಬ್ಯಾಟರಿಯನ್ನೋ ಅದರ ಬಿಡಿಭಾಗವನ್ನೋ ಕಳುಹಿಸುವ ನಮ್ಮ ಘಟಕಗಳನ್ನು ಅಂದಿನಿಂದ ಕೇಳುವುದು ಕಡತವನ್ನಲ್ಲ, ಕಡತದೊಳಗಿನ ಒಂದೊಂದು ಅಂಕಿಯನ್ನು.