ಜಿಮ್ ಎಲ್ಲಿ ಸ್ವಾಮಿ?

ಅಮೆರಿಕದ ಮಿಸೌರಿಯಲ್ಲಿ, ಮಿಸಿಸಿಪ್ಪಿ ದಡದ ಹ್ಯಾನಿಬಲ್ ಮಾರ್ಕ್ ಟ್ವೈನ್ ಬೆಳೆದ ಊರು. ಟಾಮ್ ಸಾಯರ್ ಸುಣ್ಣ ಬಳಿಸಿದ್ದು ಇದಕ್ಕೇ ಅಂತ ಬಿಳಿ ಬೇಲಿಯೊಂದನ್ನು ನಿಲ್ಲಿಸಿದ್ದಾರೆ. ಜನ ಬ್ರಷ್ ಹಿಡಿದು ಫೋಟೋ ತೆಗೆಸಿಕೊಳ್ತಾರೆ. ಇರಲಿ ಬಿಡಿ, ಮಕ್ಕಳಿಗೆ ಖುಷಿ.

ಗುಡ್ಡದ ಬುಡದಲ್ಲಿ 1926ರಿಂದ ಟಾಮ್, ಹಕ್ ಇಬ್ಬರೂ ಕಂಚಾಗಿ ನಿಂತಿದ್ದಾರೆ. ನನ್ನ ತಕರಾರು ಇಲ್ಲೇ. ಹಕ್ ಜೊತೆ ತೆಪ್ಪದಲ್ಲಿ ಹೋದ ಗುಲಾಮ ಜಿಮ್ ಎಲ್ಲಿ? ಅವನಿಲ್ಲದಿದ್ರೆ ಆ ಕಾದಂಬರಿಯಲ್ಲಿ ಉಳಿಯೋದೇನು?

ಟ್ವೈನ್ ಅಪ್ಪನ ಕಚೇರಿಯನ್ನೂ ಜೋಪಾನ ಮಾಡಿದ್ದಾರೆ. ಆತ ಗುಲಾಮರನ್ನು ಇಟ್ಟುಕೊಂಡಿದ್ದವನು; 1841ರಲ್ಲಿ, ಗುಲಾಮರನ್ನು ಬಿಡಿಸಲು ನದಿ ದಾಟಿ ಬಂದ ಮೂವರನ್ನು 12 ವರ್ಷ ಜೈಲಿಗೆ ಕಳಿಸಿದ ಜ್ಯೂರಿಯಲ್ಲಿ ಕೂತಿದ್ದವನು.

ಕಪ್ಪು ಜನರ ಕಥೆ ಹೇಳುವ ‘ಜಿಮ್ಸ್ ಜರ್ನಿ’ ಮ್ಯೂಸಿಯಂ ತೆರೆದದ್ದು 2013ರಲ್ಲಿ, ಅದೂ ಅದೇ ಊರಿನ ಕಪ್ಪು ಮಹಿಳೆಯೊಬ್ಬರ ಹಠದಿಂದ. ಗುಡ್ಡದ ಬುಡದಲ್ಲಿ ಮೂರನೆಯವನಿಗೂ ಜಾಗ ಮಾಡಿ.