ಬಾಣಂತಿಗೆ ಇನ್ನೊಂದು ಖಣ ಬ್ಯಾಡ್ರಿ

ಕೂಸು ಹುಟ್ಟಿದ ಮನಿಗೆ ಹೋಗೂ ಮುಂದ ನಾವೆಲ್ಲಾ ಏನು ಒಯ್ತೇವಿ? ಕೂಸಿಗೆ ಒಂದು ಅಂಗಿ-ಟೊಪಗಿ, ಬಾಣಂತಿಗೆ ಉಡಿ ತುಂಬಲಿಕ್ಕೆ ಒಂದು ಖಣ. ನನ್ನ ಮಗಳನ್ನ ತೊಟ್ಟಲದಾಗ ಹಾಕಿದ ದಿನ ಬಂದ ಖಣ ಎಣಿಸಿದೆ, 23 ಇದ್ವು. ಅದರಾಗ ಹೊಲಿಸಿ ಹಾಕ್ಕೊಳ್ಳೂವಂಥಾವು ಎರಡು. ಉಳದಾವೆಲ್ಲಾ ಮುಂದ ಯಾರದೋ ಉಡಿಗೆ ಹೋಗೂವು. ಒಂದಂತೂ ಹಿಂದಿನ ವರ್ಷ ನಾನೇ ಯಾರಿಗೋ ಕೊಟ್ಟದ್ದು, ಊರೆಲ್ಲಾ ತಿರಗಿ ನನ್ನ ಮನಿಗೇ ಬಂದಿತ್ತು. ನಿಮ್ಮ ಟ್ರಂಕಿನಾಗೂ ಅಂಥಾವು ಅವ, ನಗಬ್ಯಾಡ್ರಿ.

ಉಡಿ ತುಂಬೂದು ಬ್ಯಾಡ ಅಂತ ನಾ ಅನ್ನೂದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲ, ಎಲಿ-ಅಡಕಿ, ಅರಿಷಿಣ-ಕುಂಕುಮ ಎಲ್ಲಾ ಇರಲಿ. ಖಣದ ಬದಲಿ ಆಕಿ ಹಾಕ್ಕೊಳ್ಳೂವಂಥಾದ್ದು ಒಂದು ಕೊಡ್ರಿ, ಇಲ್ಲಾ ಹೊಲಿಗಿ ರೊಕ್ಕ ಕೊಡ್ರಿ. ಯಾಕಂದ್ರ 23 ಖಣ ಬಂದ ಮರುದಿನ ಮುಂಜಾನಿ ನನಗ ಹಾಕ್ಕೊಳ್ಳಲಿಕ್ಕೆ ಒಂದೂ ಜಂಪರ್ ಇರಲಿಲ್ಲ. ಮದಿವಿಯಾಗಿನ ಜಂಪರ್ ತೋಳಿನಾಗೇ ಏರಲಿಲ್ಲ. ಚೂಡಿದಾರ ಏರಿದ್ರೂ ಹಾಲು ಕುಡಸಬೇಕಂದ್ರ ಕೆಳಗಿನಿಂದ ಪೂರಾ ಎತ್ತಬೇಕು. ಮನಿತುಂಬ ಮಂದಿ ಇದ್ದಾಗ ಅದು ಹೆಂಗ ಆಗ್ತದ, ನೀವೇ ಹೇಳ್ರಿ.

ಅರಿವಿಗೆ ರೊಕ್ಕ ಕೇಳೂದಂತೂ ಬಾಣಂತಿಗೆ ಭಾಳ ಕಠಿಣ. ದವಾಖಾನಿ ಖರ್ಚು ಆಗಿರ್ತದ, ಹೆಸರಿಡೂ ಕಾರ್ಯಕ್ರಮದ ಊಟ ಆಗಿರ್ತದ. ಅದರ ಮ್ಯಾಲೆ “ನನಗ ಎರಡು ಬ್ರಾ ಬೇಕು” ಅಂತ ಯಾರ ಮುಂದ ಅನ್ನೂದು? ನಾವು ಆ ಹೆಸರು ಹೇಳೂದನ್ನೂ ಬಿಟ್ಟು “ಬಾಡಿ” ಅಂತ ಮೆಲ್ಲಗ ಅಂತೇವಿ. “ಮನಿಯಾಗ ಇರಾಕಿಗೆ ಈಗ ಯಾಕ ಹೊಸಾ ಅರಿವಿ” ಅನ್ನೂ ಮಾತು ಹೆಂಗಸರೇ ಅಂತಾರ, ಗಂಡಸರಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬರೂದು ರೇಶನ್ ಕಾರ್ಡಿನಾಗ ಯಜಮಾನತಿ ಅಂತ ಹೆಸರಿದ್ದಾಕಿಗೆ. ಕೂಡಿದ ಮನಿಯಾಗ ಆಕಿ ಅತ್ತಿ, ಬಾಣಂತಿ ಸೊಸಿ ಅಲ್ಲ. ಮಾತೃ ವಂದನಾ ಯೋಜನೆಯಾಗ ಮೊದಲನೇ ಕೂಸಿಗೆ ಬರೂ 5,000 ರೂಪಾಯಿ ಮಾತ್ರ ತಾಯಿಯ ಖಾತೇಕ್ಕೇ ಬರ್ತದ. ಅದೂ ಮೊದಲು ಆಕಿ ಊಟಕ್ಕ, ಔಷಧಕ್ಕ ಆಗಬೇಕು. ಆದ್ರ ಅದರಾಗಿಂದ ಒಂದು ಐದುನೂರು ಅರಿವಿಗೆ ತಗದ್ರ ಯಾರಪ್ಪನ ಗಂಟೂ ಹೋಗೂದಿಲ್ಲ.

ಈಗ ಅಂಗಡ್ಯಾಗ “ಫೀಡಿಂಗ್ ಕುರ್ತಾ” ಅಂತ ಬ್ಯಾರೇನೇ ಸಾಲು ಇರ್ತದ. ನಾ ನೋಡಿದ್ದು ಒಂದಕ್ಕ 1,150. ಅದರಾಗ ಏನದ? ಎದಿ ಮ್ಯಾಲೆ ಎರಡು ಝಿಪ್ಪು. ಅಷ್ಟ.

ನಮ್ಮ ಅಜ್ಜಿ ಇದ್ದಿದ್ರ ನಕ್ಕಿರ್ತಿದ್ಲು. ಆಕಿ ಕಡೀತನಕ ಹಾಕ್ಕೊಂಡದ್ದು ಗುಳೇದಗುಡ್ಡದ ಖಣದ ಗಂಟು ಕುಬಸ. ಗುಂಡಿ ಇಲ್ಲ, ಹುಕ್ಕಿಲ್ಲ, ಮುಂದ ಎದಿ ಕೆಳಗ ಎರಡೂ ತುದಿ ಹಿಡದು ಗಂಟು ಹಾಕೂದು. ಬಸರ್ಯಾದಾಗ ಗಂಟು ಸಡಲ, ಬಾಣಂತನ ಮುಗದು ಸೊರಗಿದಾಗ ಬಿಗಿ. ಕೂಸು ಅತ್ರ ಗಂಟು ಬಿಚ್ಚಿ, ಮ್ಯಾಲೆ ಇಳಕಲ್ ಸೀರಿ ಸೆರಗು ಹೊದ್ದು, ಕಟ್ಟೀಮ್ಯಾಲೆ ನಾಲ್ಕು ಮಂದಿ ನಡುವ ಕುಂತು ಕುಡಸತಿದ್ಲು. ಏಳು ಹಡದಾಕಿ, ಒಂದೇ ಅಳತಿ ಕುಬಸ. ಬಾಣಂತಿಗೆ ಇದಕಿಂತ ಶಾಣ್ಯಾ ಅರಿವಿ ಯಾವ ಕಂಪನಿಯವರೂ ಹೊಲದಿಲ್ಲ ಅಂತ ನನ್ನ ಅಭಿಪ್ರಾಯ. ಹಂಗಂತ ನಾವೆಲ್ಲಾ ಈಗ ಗಂಟು ಕುಬಸ ಹಾಕೂಣು ಅಂತಲ್ಲ. ಮೈ ದಪ್ಪ-ಸಣ್ಣ ಆಗೂದನ್ನ ಅರಿವಿ ತಾಳಬೇಕು, ಅರಿವಿಗೆ ತಕ್ಕಂಗ ಮೈ ಆಗಬೇಕು ಅನ್ನೂದು ಉಲ್ಟಾ ಅನ್ನೂದನ್ನ ಆಕಿ ಕುಬಸದಿಂದ ಕಲೀಬೇಕು.

ಹೊಸಾದು ಕೊಳ್ಳೂಕಿಂತ ಮೊದಲು ಇದ್ದದ್ದನ್ನ ಬಿಚ್ಚಿಸ್ರಿ. ಛೊಲೋ ಟೇಲರ್ ಇದ್ರ ಜಂಪರಿನ ಬಗಲಾಗ ಅರಿವಿ ಬಿಟ್ಟು ಎರಡು-ಮೂರು ಹೊಲಿಗಿ ಹಾಕಿರ್ತಾರ. ಜಂಪರ್ ಉಲ್ಟಾ ಮಾಡಿ ನೋಡ್ರಿ. ಒಂದು ಹೊಲಿಗಿಗೂ ಇನ್ನೊಂದಕ್ಕೂ ನಡುವ ಅರ್ಧ ಇಂಚ್ ಇದ್ರ, ಒಳಗಿನ ಹೊಲಿಗಿ ಬಿಚ್ಚಿದ ಕೂಡ್ಲೆ ಮುಂದಿಂದು ಅರ್ಧ, ಹಿಂದಿಂದು ಅರ್ಧ, ಅಂದ್ರ ಒಂದು ಬಗಲಾಗ ಒಂದು ಇಂಚ್, ಎರಡೂ ಬಗಲ ಸೇರಿ ಎರಡು ಇಂಚ್ ಸಡಲ ಆಗ್ತದ. ತೋಳಿಂದೂ ಹಂಗೇ ಬಿಚ್ಚಬೇಕು, ಇಲ್ಲಂದ್ರ ಎದಿ ಸರಿ ಆಗ್ತದ, ತೋಳು ಕಚ್ಚತದ. ಕಾಟನ್ ಆದ್ರ ಹಳೀ ಹೊಲಿಗಿ ಗುರುತು ಒದ್ದಿ ಅರಿವಿ ಹಾಕಿ ಇಸ್ತ್ರಿ ಮಾಡಿದ್ರ ಭಾಳಷ್ಟು ಹೋಗ್ತದ. ರೇಷ್ಮಿ ಮ್ಯಾಲೆ ಸೂಜಿ ತೂತು ಕಾಣತಾವ. ಬಗಲಾಗ ಅಲ್ಲಾ, ಯಾರು ನೋಡ್ತಾರ. ಒಳಗ ಅರಿವಿ ಬಿಟ್ಟಿರದಿದ್ರ ಬಗಲಾಗ ಒಂದು ಪಟ್ಟಿ ಕೂಡಿಸಬಹುದು. ಆ ಟ್ರಂಕಿನಾಗಿನ ಖಣ ಇಲ್ಲೇ ಕೆಲಸಕ್ಕ ಬರ್ತಾವ ನೋಡ್ರಿ. ಉಳದ ಖಣದಾಗ ಕೂಸಿಗೆ ಕುಂಚಗಿ ಹೊಲೀಬಹುದು. ಒಳಗ ಮಾತ್ರ ಹಳೀ ಮೆತ್ತಗಿನ ಕಾಟನ್ ಹಚ್ಚಬೇಕು, ಜರಿ ಕೂಸಿನ ಮೈಗೆ ತಾಕಬಾರದು.

ಹಳೀ ಕುರ್ತಾಕ್ಕ ಝಿಪ್ಪು ಹಚ್ಚಸೂದು ಇನ್ನೂ ಸೋವಿ. ಎದಿ ಮ್ಯಾಲಿಂದ ಕೆಳತನಕ ಎರಡು ಕಡೆ ಜೋಡ ಇರೂ ಪ್ರಿನ್ಸೆಸ್ ಕಟ್ ಕುರ್ತಾ ಇದ್ರ ಛೊಲೋ, ಆ ಜೋಡ ಬಿಚ್ಚಿ ಅದರಾಗೇ ಝಿಪ್ಪು ಕೂಡಸ್ತಾರ, ಹೊರಗ ಗೊತ್ತೂ ಆಗೂದಿಲ್ಲ. ಝಿಪ್ಪಿನ ಹಿಂದ ಒಂದು ಅರಿವಿ ಪಟ್ಟಿ ಹಾಕಂತ ಹೇಳೂದು ಮರೀಬ್ಯಾಡ್ರಿ, ಇಲ್ಲಂದ್ರ ಹಲ್ಲು ಚುಚ್ಚತಾವ.

ನಾ ಸಾಲಿಗೆ ತಿರಗಿ ಹೋಗಲಿಕ್ಕೆ ಸುರು ಮಾಡಿದಾಗ ಕೈಯಾಗ ಇದ್ದದ್ದು 1,800. ಖಾಸಗಿ ಸಾಲಿ, ರಜಾದ ಪಗಾರ ಕೊಟ್ಟಿರಲಿಲ್ಲ. ಸುಭಾಸ ರೋಡಿನಾಗ ಮೂರು ಫೀಡಿಂಗ್ ಬ್ರಾ 840, ಎರಡು ಪೆಟಿಕೋಟ್ 320. ಐದು ಜಂಪರ್ ಬಿಚ್ಚಿ ಹೊಲದದ್ದಕ್ಕ 150, ಮೂರು ಕುರ್ತಾಕ್ಕ ಝಿಪ್ಪು ಸೇರಿ 270. ಉಳದ 220ಕ್ಕ ಒಂದು ಅಗಲಾದ ಕಾಟನ್ ಓಢಣಿ. ಸಾಲ್ಯಾಗ ಒಬ್ಬಾಕಿ “ಹೊಸಾ ಕುರ್ತಾ ಏನ್ರಿ ಟೀಚರ್” ಅಂತ ಕೇಳಿದ್ಲು. ಹೌದು ಅಂದೆ.

ರೊಕ್ಕ ಎಲ್ಲಿ ಹಾಕಬೇಕು ಅಂದ್ರ ಒಳಗಿನ ಅರಿವಿಗೆ ಹಾಕ್ರಿ ಅಂತೇನಿ. ಮ್ಯಾಲಿಂದು ಹಳೀದಿದ್ರೂ ನಡೀತದ. ಬ್ರಾ ಮಾತ್ರ ಬಾಣಂತನದ ಸುರುವಿನಾಗೇ ತುಟ್ಟೀವು ಕೊಳ್ಳಬ್ಯಾಡ್ರಿ, ಹಾಲು ಒಂದು ಅಂದಾಜಿಗೆ ಬರೂತನಕ ಒಂದೆರಡು ತಿಂಗಳು ಅಳತಿ ನಿಲ್ಲೂದಿಲ್ಲ. ಸಿಜೇರಿಯನ್ ಆದಾಕಿಗೆ ಪೆಟಿಕೋಟಿನ ಲಾಡಿ ಸೀದಾ ಹೊಲಿಗಿ ಮ್ಯಾಲೆ ಕೂತು ಒತ್ತತದ. ಮ್ಯಾಲೆ ಹೊಕ್ಕಳ ಹತ್ರ ಕಟ್ಟಬೇಕು, ಇಲ್ಲಾ ಲಾಡಿ ತಗದು ಅಗಲ ಇಲಾಸ್ಟಿಕ್ ಹಾಕಸಬೇಕು. ಹೊಟ್ಟಿ ಇಳದ ಮ್ಯಾಲೆ ಹಾಕ್ಕೋತೇನಿ ಅಂತ ಸಣ್ಣ ಅಳತೀದು ಕೊಳ್ಳೂದನ್ನ ನಾ ಒಪ್ಪೂದಿಲ್ಲ. ಅದು ಕಪಾಟಿನಾಗ ಕುಂತು ದಿನಾ ಬೈತದ.

ಇನ್ನ ನೈಟಿ. ನೈಟಿ ಬಗ್ಗೆ ಜಗಳಾಕ್ಕ ಬರಾಕಿನೂ ನಾನೇ, ನೈಟಿ ಹಾಕ್ಕೊಳ್ಳಾಕಿನೂ ನಾನೇ. ಬಾಣಂತನದಾಗ ಅದರಷ್ಟು ಆರಾಮ ಯಾವುದೂ ಇಲ್ಲ. ಆದ್ರ ಕೂಸಿಗೆ ವರ್ಷ ಆದ್ರೂ, ಬಾಗಲಾ ಬಡದ್ರ ನೈಟಿ ಮ್ಯಾಲೆ ಟವೆಲ್ ಹೊದ್ದು ಓಡೂ ಹುಡುಗಿಯರನ್ನ ನೋಡ್ತೇನಿ. ಆರಾಮ ಅದ ಅಂತ ಅಲ್ಲ, ಬ್ಯಾರೆ ಏನೂ ಏರೂದಿಲ್ಲ ಅಂತ. ಅವರು ಹೊರಗ ಬರೂದೂ ಕಡಿಮಿ ಆಗ್ತದ. ಲಗ್ನಕ್ಕ ಕರದ್ರ “ಕೂಸಿಗೆ ನೆಗಡಿ” ಅಂತಾರ. ನಾವು ಅದನ್ನ ಖರೇ ಅಂತ ನಂಬತೇವಿ. ನಮ್ಮ ವೈನಿ ಎರಡು ಲಗ್ನ, ಒಂದು ಗೃಹಪ್ರವೇಶ ಹಿಂಗೇ ಬಿಟ್ಲು. ಆಮ್ಯಾಲೆ ಒಂದಿನ ಕಪಾಟ ತಗದು ತೋರಿಸಿದ್ಲು, ಎಲ್ಲಾ ಜಂಪರ್ 32 ಅಳತೀವು. ಸೀರಿ ಇದ್ವು, ಭರ್ಜರಿ ಸೀರಿ ಇದ್ವು.

ಬರೂ ಗುರುವಾರ ನಮ್ಮ ಓಣಿಯೊಳಗ ತೊಟ್ಟಲಾ ಅದ. ನಾ ಆ ಹುಡುಗಿ ಅವ್ವನ್ನ ಮೊದಲೇ ಕೇಳೇನಿ: ಹೆರಿಗಿ ಹೆಂಗಾಗಿತ್ತು, ಮನಿಯಾಗ ಚೂಡಿದಾರ ಹಾಕ್ಕೋತಾಳೋ ಸೀರಿ ಉಡತಾಳೋ. ಸಿಜೇರಿಯನ್ ಅಂತ, ಸೀರಿ ಅಂತ. ಇಲಾಸ್ಟಿಕ್ ಹಾಕಿದ ಎರಡು ಪೆಟಿಕೋಟ್ ಉಡಿಯೊಳಗ ಅಕ್ಕಿ-ಕೊಬ್ಬರಿ ಜೋಡಿ ಇಡಾಕಿ ಅದೇನಿ. ನೀವು ಯಾರರೆ ಬರೂವರಿದ್ರ, ಜಂಪರ್ ಬಿಚ್ಚಸೂ ಖರ್ಚು ನಿಮ್ಮದಿರಲಿ. ಟೇಲರನ್ನ ನಾ ಮನಿಗೇ ಕರಸ್ತೇನಿ.