ಮೀನಿನ ತೊಟ್ಟಿಯ ಪಾಚಿ: ಒಂದು ಜಮಾಖರ್ಚಿನ ವಿಚಾರ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಬೆಂಗಳೂರಿನಲ್ಲಿ ಚೆನ್ನಾಗಿ ಬೇರೂರಿದೆ. ಕತ್ರಿಗುಪ್ಪೆಯಂಥ ಬಡಾವಣೆಯಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಕೆಲವು ಮನೆಗಳ ಕಿಟಕಿಯೊಳಗೆ ಇಂಥ ತೊಟ್ಟಿಯ ನೀಲಿ ಬೆಳಕು ಕಾಣಸಿಗುವುದುಂಟು. ಮೀನು ಸಾಕುವವರು ಇಬ್ಬರು ಒಂದೆಡೆ ಕೂಡಿದರೆ ಅವರ ಮಾತು ಬಹುಬೇಗನೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಅದು ಪಾಚಿ. ಗಾಜನ್ನು ಎಷ್ಟು ಉಜ್ಜಿದರೂ ಒಂದು ವಾರದೊಳಗೆ ಹಸುರು ಪದರವು ಮತ್ತೆ ಕಟ್ಟಿಕೊಳ್ಳುತ್ತದೆ. ಗಿಡಗಳ ಎಲೆಗೆ ಕೂದಲಿನಂಥ ಎಳೆಗಳು ಸುತ್ತಿಕೊಳ್ಳುತ್ತವೆ. ಕೆಲವೊಮ್ಮೆ ನೀರೇ ಹೆಸರುಕಾಳು ಬಸಿದ ಕಟ್ಟಿನಂತೆ ಹಸುರಾಗಿಬಿಡುತ್ತದೆ. “ಇದಕ್ಕೆ ಏನಾದರೂ ಮದ್ದಿದೆಯೇ?” ಎಂಬುದು ಎಲ್ಲರ ಪ್ರಶ್ನೆ.

ಮದ್ದನ್ನು ಕೇಳುವುದೇ ಇಲ್ಲಿ ದಾರಿ ತಪ್ಪುವ ಮೊದಲ ಹೆಜ್ಜೆಯೆಂದು ನನ್ನ ಅಭಿಪ್ರಾಯ. ಪಾಚಿಯೆಂಬುದು ತೊಟ್ಟಿಗೆ ಬಂದ ರೋಗವಲ್ಲ. ಒಳಕ್ಕೆ ಎಷ್ಟು ಬಂತು, ಹೊರಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕದಲ್ಲಿ ಉಳಿದ ಬಾಕಿಯೇ ಹಸುರು ಬಣ್ಣ ತಳೆದು ನಮ್ಮ ಕಣ್ಣಿಗೆ ಕಾಣಿಸಿಕೊಳ್ಳುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ಮನೆಯ ತೊಟ್ಟಿಯು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ತಳದ ಕಲ್ಲುಹರಳು ಮತ್ತು ಮೇಲಿನ ತೆರವನ್ನು ಕಳೆದರೆ ಅದರಲ್ಲಿ ಸುಮಾರು 45 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಹನ್ನೊಂದು ಗಪ್ಪಿ ಮೀನುಗಳಿದ್ದವು. ಒಂದು ಚಳಿಗಾಲದಲ್ಲಿ ಪಾಚಿ ಮಿತಿಮೀರಿ ಬೆಳೆಯಿತು. ಉಜ್ಜಿ ಉಜ್ಜಿ ಬೇಸತ್ತು, ಪಾಚಿಯನ್ನು ಕೊಲ್ಲುವ ದ್ರಾವಣದ ಒಂದು ಸೀಸೆಯನ್ನು ತಂದು, ಅಳತೆಯನ್ನು ಸರಿಯಾಗಿ ನೋಡದೆ ಸುರಿದೆ. ಅದರಲ್ಲಿದ್ದುದು ತಾಮ್ರದ ಲವಣ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತದ ಬಳಗಕ್ಕೆ ಸೇರಿದ್ದು. ಎರಡನೆಯ ದಿನ ಪಾಚಿ ಬಿಳಿಚಿಕೊಂಡಿತು. ಮೂರನೆಯ ದಿನ ಬೆಳಗ್ಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಏಳು ಮೀನುಗಳು ಸತ್ತಿದ್ದವು. ಅವುಗಳಿಗೆ ದಿನವೂ ತನ್ನ ಕೈಯಾರೆ ಉಣಿಸುತ್ತಿದ್ದ ಮಗಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಉತ್ತರವೂ ಇರಲಿಲ್ಲ. ಒಂದು ತಿಂಗಳು ತುಂಬುವ ಮೊದಲೇ ಪಾಚಿ ಮರಳಿ ಬಂದಿತು. ಮೀನುಗಳು ಮಾತ್ರ ಬರಲಿಲ್ಲ.

ಆಗ ಕುಳಿತು ಲೆಕ್ಕ ಹಾಕಿದೆ. ತರಗತಿಯಲ್ಲಿ ದ್ರವ್ಯದ ಸಂರಕ್ಷಣೆಯನ್ನು ಬೋಧಿಸುವವನು ಮನೆಯ ತೊಟ್ಟಿಯ ಮುಂದೆ ಅದನ್ನು ಮರೆತದ್ದು ಹೇಗೆಂದು ಆಶ್ಚರ್ಯವಾಯಿತು.

ಪಾಚಿಗೆ ಬೇಕಾದುವು ಬೆಳಕು, ನೀರು, ಇಂಗಾಲ, ಸಾರಜನಕ, ರಂಜಕ ಮತ್ತು ಅಲ್ಪಸ್ವಲ್ಪ ಖನಿಜಗಳು. ಇಂಗಾಲವು ಗಾಳಿಯಿಂದಲೂ ಮೀನಿನ ಉಸಿರಿನಿಂದಲೂ ಬರುತ್ತದೆ, ಅದನ್ನು ತಡೆಯಲಾರೆವು. ಸಾರಜನಕ ಮತ್ತು ರಂಜಕಗಳು ಮುಖ್ಯವಾಗಿ ಮೀನಿನ ಆಹಾರದ ಮೂಲಕ ಬರುತ್ತವೆ. ಮೀನಿಗೆ ಹಾಕುವ ಒಣ ಆಹಾರದಲ್ಲಿ ಸ್ಥೂಲವಾಗಿ ನೂರಕ್ಕೆ ಒಂದು ಪಾಲು ರಂಜಕವಿರುತ್ತದೆ. ಎಂದರೆ ಒಂದು ಗ್ರಾಂ ಆಹಾರದಲ್ಲಿ ಸುಮಾರು 10 ಮಿಲಿಗ್ರಾಂ ರಂಜಕ. ಅದು 45 ಲೀಟರ್ ನೀರಿನಲ್ಲಿ ಹರಡಿದರೆ ಲೀಟರಿಗೆ 0.2 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಈ ಅಂಕಿಯು ಅತಿ ಚಿಕ್ಕದೆಂದು ತೋರಬಹುದು. ಆದರೆ ಕೆರೆ ಸರೋವರಗಳಲ್ಲಿ ಲೀಟರಿಗೆ 0.03 ಮಿಲಿಗ್ರಾಂ ಆಸುಪಾಸಿನ ರಂಜಕವಿದ್ದರೂ ಪಾಚಿ ಹುಲುಸಾಗಿ ಬೆಳೆಯಬಲ್ಲುದು. ಪಾಚಿಯ ಒಣತೂಕದಲ್ಲಿಯೂ ರಂಜಕದ ಪಾಲು ಸುಮಾರು ನೂರಕ್ಕೆ ಒಂದೇ. ಆದುದರಿಂದ ಮೀನಿನ ಮೈಗೆ ಸೇರುವ ಭಾಗವನ್ನು ಬಿಟ್ಟರೆ, ನಾವು ಒಂದು ಗ್ರಾಂ ಆಹಾರವನ್ನು ಹಾಕಿದಾಗ ಹೆಚ್ಚುಕಡಿಮೆ ಒಂದು ಗ್ರಾಂ ಒಣತೂಕದ ಪಾಚಿಗೆ ಸಾಲುವಷ್ಟು ಗೊಬ್ಬರವನ್ನೂ ಹಾಕಿದಂತಾಯಿತು. ಹಸಿಯಾಗಿದ್ದಾಗ ಅದರ ತೂಕ ಇನ್ನೂ ಹಲವು ಪಟ್ಟು.

ಮಗಳು ಹಾಕುತ್ತಿದ್ದ ಒಂದು ಚಿಟಿಕೆ ಆಹಾರವನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿ ನೋಡಿದೆ: 0.3 ಗ್ರಾಂ. ದಿನಕ್ಕೆರಡು ಬಾರಿಯೆಂದರೆ 0.6 ಗ್ರಾಂ. ಗಪ್ಪಿಯೊಂದು ಅರ್ಧ ಗ್ರಾಂ ತೂಗುವುದೆಂದು ಹಿಡಿದರೆ ಹನ್ನೊಂದು ಮೀನುಗಳ ಒಟ್ಟು ತೂಕ ಐದೂವರೆ ಗ್ರಾಂ. ಇಂಥ ಮೀನಿಗೆ ದಿನವೊಂದಕ್ಕೆ ಅದರ ಮೈತೂಕದ ನೂರಕ್ಕೆ ಎರಡು ಮೂರು ಪಾಲು ಆಹಾರ ಸಾಕು. ಅಂದರೆ ಎಲ್ಲಕ್ಕೂ ಸೇರಿ 0.15 ಗ್ರಾಂ. ನಾವು ಅದರ ನಾಲ್ಕು ಪಟ್ಟು ಹಾಕುತ್ತಿದ್ದೆವು. ಮೀನಿನ ಮೇಲಿನ ಮಮತೆಯಿಂದ ಹಾಕಿದ್ದೆಲ್ಲವೂ ಪಾಚಿಯ ಪಾಲಾಗುತ್ತಿತ್ತು.

ಇನ್ನು ಮೀನುಗಳು ಸತ್ತುದೇಕೆ? ತಾಮ್ರವು ಮೀನಿನ ಕಿವಿರುಗಳನ್ನು ಕೆಡಿಸಬಲ್ಲುದು. ಅದಲ್ಲದೆ ಇನ್ನೊಂದು ಕಾರಣವೂ ಉಂಟು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವು ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಆದಕಾರಣ ನೀರಿನಲ್ಲಿ ಕರಗಬಲ್ಲ ಆಮ್ಲಜನಕವೂ ಅಷ್ಟೇ ಕಡಿಮೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ನಮ್ಮ ತೊಟ್ಟಿಯ ಅಷ್ಟೂ ನೀರಿನಲ್ಲಿ ಒಟ್ಟಿಗೆ ಒಂದು ಗ್ರಾಮಿನ ಮೂರನೆಯ ಒಂದು ಪಾಲು ಆಮ್ಲಜನಕವಿರುತ್ತದೆ. ಸತ್ತ ಪಾಚಿ ಒಂದು ಗ್ರಾಮಿನಷ್ಟು ಕೊಳೆಯಬೇಕಾದರೆ ಒಂದು ಗ್ರಾಮಿಗೂ ಹೆಚ್ಚು ಆಮ್ಲಜನಕ ಬೇಕು. ಅದು ತೊಟ್ಟಿಯಲ್ಲಿರುವುದರ ಮೂರು ಪಟ್ಟನ್ನೂ ಮೀರುತ್ತದೆ. ಮೇಲ್ಮೈಯಿಂದ ಹೊಸ ಆಮ್ಲಜನಕ ಕರಗುವುದು ನಿಧಾನವಾಗಿ. ಕೊಳೆಯಿಸುವ ಬ್ಯಾಕ್ಟೀರಿಯಗಳು ಅದಕ್ಕಾಗಿ ಕಾಯುವುದಿಲ್ಲ. ಹೀಗೆ ಪಾಚಿಯನ್ನು ಒಮ್ಮೆಲೇ ಕೊಂದವನು ಮೀನಿನ ಉಸಿರನ್ನೂ ಕಸಿದುಕೊಂಡಂತಾಗುತ್ತದೆ. ಅಷ್ಟಾದ ಮೇಲೂ ಕೊಳೆತ ಪಾಚಿಯ ರಂಜಕವು ನೀರಿನಲ್ಲಿಯೇ ಉಳಿಯುತ್ತದೆ. ಮುಂದಿನ ಬೆಳೆಗೆ ಅದೇ ಗೊಬ್ಬರ.

ಆಹಾರದ ಲೆಕ್ಕ ಹೀಗಾದರೆ ಬೆಳಕಿನ ಲೆಕ್ಕ ಇನ್ನೊಂದು. ಪಾಚಿ ಚಳಿಗಾಲದಲ್ಲಿಯೇ ಏಕೆ ಹೆಚ್ಚಿತು? ನಮ್ಮ ತೊಟ್ಟಿ ಇದ್ದುದು ದಕ್ಷಿಣದ ಕಿಟಕಿಯ ಬಳಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯನು ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ದಕ್ಷಿಣದ ಕಿಟಕಿಯಲ್ಲಿ ಬಿಸಿಲು ಬೀಳದು. ಡಿಸೆಂಬರಿನಲ್ಲಾದರೋ ಅವನು ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 54 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬಿಸಿಲು ಓರೆಯಾಗಿ ಕೋಣೆಯೊಳಕ್ಕೆ ಇಳಿಯುತ್ತದೆ. ನೇರ ಬಿಸಿಲಿನ ತೀಕ್ಷ್ಣತೆ ಒಂದು ಲಕ್ಷ ಲಕ್ಸ್ ಮುಟ್ಟಬಲ್ಲುದು. ಮನೆಯೊಳಗಿನ ಸಾಮಾನ್ಯ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಗಾಧ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ. ಪಾಚಿಗೆ ತಿಳಿಯುತ್ತದೆ.

ಕೆಲವರು ನೀರನ್ನು ಪದೇ ಪದೇ ಬದಲಿಸುವುದೇ ಪರಿಹಾರವೆನ್ನುತ್ತಾರೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಅದರ ಮಿತಿಯನ್ನು ಅರಿತಿರಬೇಕು. ವಾರವೊಂದಕ್ಕೆ ನೀರಿಗೆ ಸೇರುವ ಪೋಷಕ ದ್ರವ್ಯವನ್ನು ಒಂದು ಪಾಲೆಂದು ಕರೆಯೋಣ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತ ಹೋದರೆ, ತೊಟ್ಟಿಯಲ್ಲಿ ನಾಲ್ಕು ಪಾಲು ಕೂಡಿಕೊಂಡಾಗ ಲೆಕ್ಕ ಸಮವಾಗುತ್ತದೆ: ಆ ನಾಲ್ಕರ ಕಾಲುಭಾಗ, ಎಂದರೆ ಒಂದು ಪಾಲು, ಹೊರಹೋಗುತ್ತದೆ, ಮತ್ತೊಂದು ಪಾಲು ಒಳಬರುತ್ತದೆ. ಅರ್ಧ ನೀರನ್ನು ಬದಲಿಸಿದರೆ ಎರಡು ಪಾಲಿನಲ್ಲಿ ಸಮವಾಗುತ್ತದೆ. ಆಹಾರವನ್ನೇ ಕಾಲುಭಾಗಕ್ಕೆ ಇಳಿಸಿದರೆ, ಕಾಲುಭಾಗ ನೀರನ್ನಷ್ಟೇ ಬದಲಿಸುತ್ತಿದ್ದರೂ, ಒಂದೇ ಪಾಲಿಗೆ ಇಳಿಯುತ್ತದೆ. ಅಷ್ಟೇ ಅಲ್ಲದೆ ಬದಲಿಸುವ ನೀರೂ ಶುದ್ಧವಾಗಿರಬೇಕಷ್ಟೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದೆಂದು ಭಾರತೀಯ ಮಾನಕವು ವಿಧಿಸಿದೆ. ಆ ಮಿತಿಯೊಳಗಿನ ಕೊಳವೆಬಾವಿ ನೀರು ನಮಗೆ ಯೋಗ್ಯವಾದರೂ ಪಾಚಿಗೆ ಹಬ್ಬದೂಟವಾಗಬಹುದು. ಕಾವೇರಿಯ ನೀರಾದರೋ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಏರಿಸಲ್ಪಟ್ಟು ನಮ್ಮ ನಲ್ಲಿಗೆ ಬರುವಂಥದು. ನಾವು ಹೆಚ್ಚಾಗಿ ಹಾಕಿದ ಆಹಾರವನ್ನು ತೊಳೆಯುವುದಕ್ಕಾಗಿ ಅದನ್ನು ಚೆಲ್ಲುವುದು ವಿವೇಕವಲ್ಲ.

ಇನ್ನು ಕೆಲವರು ಪಾಚಿ ತಿನ್ನುವುದೆಂದು ಸಕ್ಕರ್ ಮೀನನ್ನು ತಂದು ಬಿಡುತ್ತಾರೆ. ಅದು ಪಾಚಿಯನ್ನು ತಿನ್ನುವುದು ನಿಜ. ಆದರೆ ತಿಂದದ್ದರಲ್ಲಿ ಬಹುಪಾಲು ಹಿಕ್ಕೆಯಾಗಿ ಅದೇ ನೀರಿಗೆ ಮರಳುತ್ತದೆ. ಲೆಕ್ಕದ ಪುಟ ಬದಲಾಯಿತೇ ಹೊರತು ಬಾಕಿ ತೀರಲಿಲ್ಲ. ಅಂಗಡಿಯಲ್ಲಿ ಬೆರಳುದ್ದವಿರುವ ಈ ದಕ್ಷಿಣ ಅಮೆರಿಕದ ಮೀನು ಒಂದಡಿಗೂ ಮಿಕ್ಕಿ ಬೆಳೆಯುತ್ತದೆ. ಆಗ ಅದನ್ನು ಹತ್ತಿರದ ಕೆರೆಗೆ ಬಿಟ್ಟು ಬರುವವರಿದ್ದಾರೆ. ಹಾಗೆ ಬಿಟ್ಟ ಮೀನುಗಳು ದಕ್ಷಿಣ ಭಾರತದ ಅನೇಕ ಜಲಾಶಯಗಳಲ್ಲಿ ನೆಲೆಯೂರಿ ನಮ್ಮ ನಾಡಿನ ಮೀನುಗಳಿಗೆ ಕಂಟಕವಾಗಿವೆ. ಇದು ಎಂದಿಗೂ ಕೂಡದು.

ಹಾಗಾದರೆ ಮಾಡತಕ್ಕುದೇನು? ನಾನು ಮಾಡಿದುದನ್ನು ಹೇಳುತ್ತೇನೆ. ತೊಟ್ಟಿಯನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆ; ದೀಪವನ್ನು ದಿನಕ್ಕೆ ಆರು ಗಂಟೆಗಳಿಗೆ ಮಿತಗೊಳಿಸಿದೆ. ಉಳಿದ ನಾಲ್ಕು ಮೀನುಗಳಿಗೆ ತಕ್ಕಂತೆ ಆಹಾರವನ್ನು ತೂಗಿ ಪೊಟ್ಟಣ ಕಟ್ಟಿಟ್ಟು, ದಿನಕ್ಕೊಂದನ್ನೇ ಬಳಸಬೇಕೆಂದು ಮಗಳೊಡನೆ ಒಪ್ಪಂದ ಮಾಡಿಕೊಂಡೆ. ಪಾಚಿಯನ್ನು ಉಜ್ಜಿದ ಕೂಡಲೇ ಕೊಳವೆಯಿಂದ ಅದನ್ನು ನೀರಿನ ಸಮೇತ ಹೊರಗೆ ಸೆಳೆದೆ. ಉಜ್ಜಿ ಅಲ್ಲಿಯೇ ಬಿಟ್ಟರೆ ಪ್ರಯೋಜನವಿಲ್ಲ. ವಾರಕ್ಕೆ ಹನ್ನೊಂದು ಲೀಟರ್ ಹಸುರು ನೀರು ಕರಿಬೇವಿನ ಗಿಡಕ್ಕೂ ತುಳಸಿಗೂ ಸಂದಿತು. ಚುರುಕಾಗಿ ಬೆಳೆಯುವ ನೀರುಗಿಡಗಳನ್ನು ನೆಟ್ಟು, ಬೆಳೆದಷ್ಟನ್ನೂ ಕತ್ತರಿಸಿ ಹೊರತೆಗೆದೆ. ಪಾಚಿ ಉಣ್ಣಬೇಕಾದ ರಂಜಕವನ್ನು ಅವು ಉಂಡವು. ಶೋಧಕದ ಸ್ಪಂಜನ್ನು ನಲ್ಲಿಯಡಿ ಹಿಡಿಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿದೆ. ನಲ್ಲಿನೀರಿನ ಕ್ಲೋರಿನ್ ಅಲ್ಲಿರುವ ಉಪಕಾರಿ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಮೊದಲ ಮೂರು ವಾರ ಯಾವ ಬದಲಾವಣೆಯೂ ಕಾಣಲಿಲ್ಲ. ಆರನೆಯ ವಾರದ ಹೊತ್ತಿಗೆ ಒಮ್ಮೆ ಒರೆಸಿದ ಗಾಜು ಹದಿನೈದು ದಿನ ತಿಳಿಯಾಗಿ ಉಳಿಯಿತು. ಹಿಂಬದಿಯ ಗಾಜಿನಲ್ಲಿ ಇಂದಿಗೂ ತುಸು ಹಸುರಿದೆ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ.

ಪಾಚಿಯ ಬಳಗವನ್ನು ಪೂರ್ತಿ ನಿರ್ಮೂಲ ಮಾಡುವ ಹಂಬಲ ನಮಗೆ ಸಲ್ಲದು. ನೀಲಿಹಸುರು ಪಾಚಿಯೆಂದು ನಾವು ಕರೆಯುವ ಸೂಕ್ಷ್ಮ ಜೀವಿಗಳ ಪೂರ್ವಜರೇ ಸುಮಾರು 240 ಕೋಟಿ ವರ್ಷಗಳ ಹಿಂದೆ ಈ ಭೂಮಿಯ ಗಾಳಿಗೆ ಆಮ್ಲಜನಕವನ್ನು ತುಂಬತೊಡಗಿದುವು. ನಾವು ಉಸಿರಾಡುತ್ತಿರುವುದು ಅವುಗಳ ಋಣದಿಂದ.

ತೊಟ್ಟಿಗೆ ಅನ್ವಯಿಸುವ ಲೆಕ್ಕವು ಕೆರೆಗೂ ಅನ್ವಯಿಸುತ್ತದೆಯೇ ಎಂದು ವಾಚಕರು ಕೇಳಬಹುದು. 1973ರಲ್ಲಿ ಡೇವಿಡ್ ಷಿಂಡ್ಲರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕೆನಡದ ಒಂಟಾರಿಯೋ ಪ್ರಾಂತದ 226ನೆಯ ಸಂಖ್ಯೆಯ ಸರೋವರವನ್ನು ಒಂದು ಪರದೆಯಿಂದ ಎರಡಾಗಿ ವಿಭಾಗಿಸಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕಗಳನ್ನೂ ಇನ್ನೊಂದಕ್ಕೆ ಅವುಗಳ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗವು ಪಾಚಿಯಿಂದ ಹಸುರಾಯಿತು. ಇನ್ನೊಂದು ಭಾಗವು ತಿಳಿಯಾಗಿಯೇ ಉಳಿಯಿತು. ಮಾರ್ಜಕಗಳಲ್ಲಿ ರಂಜಕವನ್ನು ಮಿತಗೊಳಿಸಬೇಕೆಂಬ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ.

ನಮ್ಮ ಊರಿನ ಕೆರೆಗಳು ಇಂಥ ಪ್ರಯೋಗವನ್ನು ಯಾರೂ ಕೇಳದೆಯೇ ನಡೆಸಿ ತೋರಿಸಿವೆ. ಬೆಳ್ಳಂದೂರು ಕೆರೆಯಲ್ಲಿ ಕೊಳಚೆಯೂ ಸಾಬೂನುನೀರೂ ಸೇರಿ ನೊರೆಯೆದ್ದು, 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡಿತು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ನೀರಿನಲ್ಲಿ ಆಮ್ಲಜನಕ ಕುಸಿದುದೇ ಕಾರಣವೆಂದು ಆಗ ಹೇಳಲಾಯಿತು. ಆ ಸುದ್ದಿಯನ್ನು ನೆನೆದಾಗಲೆಲ್ಲ ನನಗೆ ನಮ್ಮ ತೊಟ್ಟಿಯ ಆ ಬೆಳಗು ಕಣ್ಣಮುಂದೆ ಬರುತ್ತದೆ. ಕೆರೆಯ ಕಳೆಯನ್ನು ಯಂತ್ರದಿಂದ ಎತ್ತುವುದೂ ಹೂಳು ತೆಗೆಯುವುದೂ ಬೇಕಾದ ಕೆಲಸಗಳೇ. ಆದರೆ ಕೊಳಚೆಯ ಕಾಲುವೆ ತೆರೆದಿರುವಾಗ ಅವು ನಾನು ಗಾಜನ್ನು ಉಜ್ಜಿದ ರೀತಿಯವೇ ಆಗುತ್ತವೆ.

ನಗರದ ಕೊಳಚೆಯನ್ನು ತಡೆಯುವುದು ಒಬ್ಬನ ಕೈಯ ಕೆಲಸವಲ್ಲ. ಆದರೆ 45 ಲೀಟರ್ ನೀರಿನ ಲೆಕ್ಕವನ್ನು ಸರಿಯಾಗಿಡುವುದು ಪ್ರತಿಯೊಬ್ಬನಿಗೂ ಸಾಧ್ಯ. ಮಕ್ಕಳಿರುವ ಮನೆಯಲ್ಲಿ ಮೀನಿನ ತೊಟ್ಟಿಯನ್ನು ಇಟ್ಟವರಲ್ಲಿ ನನ್ನದೊಂದು ವಿನಂತಿ: ಪಾಚಿ ಕಂಡ ದಿನ ಸೀಸೆಯನ್ನು ತರುವ ಬದಲು ಒಂದು ಹಾಳೆಯನ್ನು ತೆಗೆದುಕೊಂಡು, ಎಷ್ಟು ಆಹಾರ, ಎಷ್ಟು ಬೆಳಕು, ಎಷ್ಟು ನೀರು ಎಂಬುದನ್ನು ಮಕ್ಕಳ ಕೈಯಲ್ಲಿಯೇ ಬರೆಯಿಸಿ. ಹೊರಹೋಗದೆ ಉಳಿದದ್ದೆಲ್ಲವೂ ಒಳಗೇ ಇರುತ್ತದೆಂಬುದನ್ನು ಹತ್ತನೆಯ ವಯಸ್ಸಿನಲ್ಲಿ ತೊಟ್ಟಿಯ ಮುಂದೆ ನಿಂತು ಅರಿತ ಮಗು, ಮುಂದೆ ದೊಡ್ಡದಾಗಿ ಕೆರೆಯ ದಂಡೆಯಲ್ಲಿ ನಿಂತಾಗ ಕೇಳಬೇಕಾದ ಪ್ರಶ್ನೆಯನ್ನು ಮರೆಯಲಾರದು.